ವರ್ಕಲದ ಕೆಂಪು ಗೋಡೆ ಯಾಕೆ ಕುಸೀತಾ ಇರುತ್ತೆ?

ಬೆಂಗಳೂರಲ್ಲಿ ರಾತ್ರಿ ಐಲ್ಯಾಂಡ್ ಎಕ್ಸ್‌ಪ್ರೆಸ್ ಹತ್ತಿ ಮಾರನೇ ದಿನ ವರ್ಕಲ ಶಿವಗಿರಿ ಸ್ಟೇಷನ್ನಲ್ಲಿ ಇಳಿಯೋ ಕನ್ನಡದೋರು ಈಗ ಒಬ್ರಿಬ್ರಲ್ಲ. ಲಾಂಗ್ ವೀಕೆಂಡ್ ಬಂತು ಅಂದ್ರೆ ಇನ್‌ಸ್ಟಾ ತುಂಬ ಅದೇ ಫೋಟೋ, ಒಂದು ಕಡೆ ಗೋಡೆ ಥರ ನೆಟ್ಟಗೆ ನಿಂತಿರೋ ಕೆಂಪು ಗುಡ್ಡ, ಇನ್ನೊಂದು ಕಡೆ ಸಮುದ್ರ, ಗುಡ್ಡದ ಅಂಚಲ್ಲಿ ಕೆಫೆ, ಕೆಫೆಯ ಅಂಚಲ್ಲಿ ನಮ್ಮ ಫ್ರೆಂಡು. 2025ರ ಸೆಪ್ಟೆಂಬರಲ್ಲಿ ಇದೇ ಗುಡ್ಡ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರ್ತು, ಅದೇ ಸಲ ನಮ್ಮ ಉಡುಪಿಯ ಸೇಂಟ್ ಮೇರೀಸ್ ದ್ವೀಪಗಳೂ ಸೇರಿದ್ವು. ಇತ್ತ ಮಳೆಗಾಲ ಶುರುವಾದ್ರೆ "ವರ್ಕಲದಲ್ಲಿ ಕ್ಲಿಫ್ ಕುಸಿತ" ಅನ್ನೋ ಸುದ್ದಿ ಬರುತ್ತೆ. ನಮ್ಮ ಫ್ಯಾಮಿಲಿ ಗ್ರೂಪಲ್ಲಿ ಟಿಕೆಟ್ ಬುಕ್ ಮಾಡಿಬಿಟ್ಟಿದ್ದ ಕಸಿನ್ ಒಬ್ಬಳು ಕೇಳಿದ್ದು ಇಷ್ಟೇ, ಅಷ್ಟು ದೊಡ್ಡ ಕಲ್ಲುಬಂಡೆ ಹೆಂಗೆ ಕುಸಿಯುತ್ತೆ, ಕುಸಿಯೋದಾದ್ರೆ ಅದನ್ನ ಪಾರಂಪರಿಕ ತಾಣ ಅಂತ ಯಾಕೆ ಮಾಡ್ತಾರೆ?

ಉತ್ತರ ಅವಳ ಪ್ರಶ್ನೆಯಲ್ಲೇ ಇರೋ ಒಂದು ತಪ್ಪಿಂದ ಶುರುವಾಗುತ್ತೆ. ಅದು ಬಂಡೆ ಅಲ್ಲ.

ಜಾಗ ಎಲ್ಲಿದೆ, ಏನೇನಿದೆ

ವರ್ಕಲ ಇರೋದು ಕೇರಳದ ತಿರುವನಂತಪುರಂ ಜಿಲ್ಲೆಯಲ್ಲಿ, ಆ ಕಡೆ ತಿರುವನಂತಪುರ ಈ ಕಡೆ ಕೊಲ್ಲಂ, ಮಧ್ಯದಲ್ಲಿ ಇದು. ಟೂರಿಸ್ಟ್ ಊರಾಗಿದ್ದು ಇತ್ತೀಚೆಗೆ, ಅದಕ್ಕಿಂತ ಎಷ್ಟೋ ಮೊದಲೇ ಇದು ಯಾತ್ರೆಯ ಊರು. ಬೀಚಿಗೆ ಹೋಗೋ ದಾರೀಲೇ ಜನಾರ್ದನಸ್ವಾಮಿ ದೇವಸ್ಥಾನ ಇದೆ, ಕೆಳಗಿನ ಬೀಚಿನ ಹೆಸರೇ ಪಾಪನಾಶಂ. ಕರ್ಕಾಟಕ ಅಮಾವಾಸ್ಯೆ ದಿನ ಸಾವಿರಾರು ಜನ ಇಲ್ಲಿಗೆ ಬಂದು ಪಿತೃಗಳಿಗೆ ಬಲಿ ಹಾಕ್ತಾರೆ, ನಮ್ಮ ಕಡೆ ತರ್ಪಣ ಬಿಟ್ಟಂಗೆ. ನಾರದರು ತಮ್ಮ ವಲ್ಕಲ, ಅಂದ್ರೆ ನಾರುಮಡಿ, ಎಸೆದಾಗ ಅದು ಬಿದ್ದ ಜಾಗ ವರ್ಕಲ ಆಯ್ತು ಅನ್ನೋದು ಸ್ಥಳಪುರಾಣ. ಊರಿನ ಇನ್ನೊಂದು ಕಡೆ ಶಿವಗಿರಿ ಮಠ, ನಾರಾಯಣ ಗುರುಗಳು 1928ರಲ್ಲಿ ಸಮಾಧಿಯಾದ ಜಾಗ. ಮಂಗಳೂರಿನ ಕುದ್ರೋಳಿ ಗೋಕರ್ಣನಾಥ ದೇವಸ್ಥಾನ ಗೊತ್ತಿರೋರಿಗೆ ಈ ಹೆಸರು ಹೊಸದಲ್ಲ, ಅದರ ಪ್ರತಿಷ್ಠೆ ಮಾಡಿದ್ದೂ ಅವರೇ, ಕರಾವಳಿಯಿಂದ ಶಿವಗಿರಿಗೆ ಹೋಗೋ ಭಕ್ತರು ಇವತ್ತಿಗೂ ಇದ್ದಾರೆ.

ಗುಡ್ಡದ ವಿಷಯಕ್ಕೆ ಬರೋಣ. ಕ್ಲಿಫ್ ಅಂದ್ರೆ ಸಮುದ್ರದ ಪಕ್ಕ ಇಳಿಜಾರು ಅಂತ ಏನೂ ಇಲ್ಲದೆ ಚಾಕುವಲ್ಲಿ ಕತ್ತರಿಸಿದಂಗೆ ನೇರ ಕೆಳಗಿಳಿಯೋ ನೆಲ. ವರ್ಕಲದಲ್ಲಿ ಇದು ಆರೇಳು ಕಿಲೋಮೀಟರ್ ಉದ್ದ ಇದೆ, ಜಾಸ್ತಿ ಎತ್ತರ ಇರೋ ಕಡೆ ಸುಮಾರು 25 ಮೀಟರ್, ಅಂದ್ರೆ ಏಳೆಂಟು ಮಹಡಿಯ ಅಪಾರ್ಟ್‌ಮೆಂಟಿನಷ್ಟು. ಕೆಳಗೆ ಮರಳು, ಮೇಲೆ ನಾರ್ತ್ ಕ್ಲಿಫ್ ಅಂತ ಕರೆಯೋ ಕಡೆ ಒಂದು ಕಾಲುದಾರಿ, ಅದರ ಪಕ್ಕದಲ್ಲೇ ಹೋಟೆಲ್ಲು, ಅಂಗಡಿ, ಯೋಗ ಕ್ಲಾಸು, ಆಯುರ್ವೇದ ಮಸಾಜು.

ಇಲ್ಲಿ ಮಾತ್ರ ಯಾಕೆ?

ಕೇರಳದ ಕರಾವಳಿ ನೋಡಿದೋರಿಗೆ ಗೊತ್ತು, ಬಹುತೇಕ ಎಲ್ಲಾ ಕಡೆ ಅದು ಚಪ್ಪಟೆ. ಸಮುದ್ರ, ಮರಳ ಪಟ್ಟಿ, ಹಿಂದುಗಡೆ ಹಿನ್ನೀರು, ತೆಂಗಿನ ತೋಟ, ಆಮೇಲೆ ನಿಧಾನಕ್ಕೆ ಗುಡ್ಡ. ವರ್ಕಲಕ್ಕೆ ಬಂದ್ರೆ ಆ ಹಿಂದಿನ ಗುಡ್ಡನೇ ಮುಂದೆ ಬಂದು ಸಮುದ್ರದ ಬಾಯಲ್ಲಿ ನಿಂತುಬಿಟ್ಟಿದೆ. ನಂಬಿಕೆ ಬರ್ಲಿಲ್ಲ ಅಂದ್ರೆ ಇದಕ್ಕೆ ಒಂದು ಮಜವಾದ ಸಾಕ್ಷಿ ಇದೆ. 19ನೇ ಶತಮಾನದಲ್ಲಿ ತಿರುವಾಂಕೂರು ಸಂಸ್ಥಾನ ತಿರುವನಂತಪುರದಿಂದ ಉತ್ತರಕ್ಕೆ ದೋಣಿ ಓಡಿಸೋಕೆ ಅಂತ ಹಿನ್ನೀರುಗಳನ್ನೆಲ್ಲ ಒಂದಕ್ಕೊಂದು ಸೇರಿಸಿ ಕಾಲುವೆ ಮಾಡ್ತು, ಚಪ್ಪಟೆ ನೆಲದಲ್ಲಿ ಎಲ್ಲೂ ತೊಂದ್ರೆ ಆಗ್ಲಿಲ್ಲ, ವರ್ಕಲದಲ್ಲಿ ಮಾತ್ರ ಗುಡ್ಡ ಅಡ್ಡ ಬಂತು. ಕೊನೆಗೆ ಗುಡ್ಡ ಕೊರೆದು ಎರಡು ಸುರಂಗ ಮಾಡಿ ದೋಣಿಗಳನ್ನ ಅದರೊಳಗೆ ಕಳಿಸಿದ್ರು. ಆ ಸುರಂಗಗಳು ಈಗ್ಲೂ ಇವೆ, ರೀಲ್ಸ್ ಮಾಡೋರು ಯಾಕೋ ಆ ಕಡೆ ತಲೆ ಹಾಕಲ್ಲ.

ಈ ಗುಡ್ಡ ಯಾವುದರಿಂದ ಆಗಿದೆ ಅನ್ನೋದನ್ನ 1882ರಲ್ಲಿ ಜಿಯಾಲಾಜಿಕಲ್ ಸರ್ವೆ ಆಫ್ ಇಂಡಿಯಾದ ವಿಲಿಯಂ ಕಿಂಗ್ ಬರೆದಿಟ್ಟ, ಆ ಪದರಗಳಿಗೆ ಊರಿನ ಹೆಸರನ್ನೇ ಇಟ್ಟು 'ವರ್ಕಲ್ಲಿ' ಅಂದ. ಭೂವಿಜ್ಞಾನದಲ್ಲಿ ಇದು ದೊಡ್ಡ ವಿಷಯ, ಒಂದು ಥರದ ಪದರಕ್ಕೆ ಒಂದು ಊರಿನ ಹೆಸರು ಬಂತು ಅಂದ್ರೆ ಬೇರೆ ಎಲ್ಲೇ ಆ ಥರದ್ದು ಸಿಕ್ಕಿದ್ರೂ ಹೋಲಿಸಿ ನೋಡೋಕೆ ಈ ಊರಿಗೇ ಬರಬೇಕು, ಅಂಗಡೀಲಿ ತೂಕದ ಕಲ್ಲಿಗೆ ಸರ್ಕಾರದ ಮೂಲ ತೂಕ ಇದ್ದಂಗೆ. ಕೇರಳದಲ್ಲಿ ಬೇರೆ ಕಡೆ ಈ ಪದರಗಳನ್ನ ನೋಡಬೇಕಂದ್ರೆ ಬೋರ್‌ವೆಲ್ ಕೊರೀಬೇಕು, ಕ್ವಾರಿ ಹುಡುಕಬೇಕು. ವರ್ಕಲದಲ್ಲಿ ಸಮುದ್ರನೇ ಕತ್ತರಿಸಿ ತೋರಿಸ್ತಾ ಇದೆ.

ಗೋಡೆಯ ಒಳಗೆ ಏನಿದೆ

ಕೆಳಗೆ ಬೀಚಲ್ಲಿ ನಿಂತು ಗೋಡೆ ನೋಡಿದ್ರೆ ಅದು ಪೂರ್ತಿ ಕೆಂಪು ಅಲ್ಲ. ಮೇಲೆ ಇಟ್ಟಿಗೆ ಬಣ್ಣ, ಅದರ ಕೆಳಗೆ ಹಳದಿ, ಅಲ್ಲಲ್ಲಿ ಬಿಳಿ, ನೇರಳೆ ಛಾಯೆ, ಬುಡದ ಹತ್ರ ಕೆಲವು ಕಡೆ ಕಪ್ಪು. ಈ ಒಂದೊಂದು ಬಣ್ಣವೂ ಒಂದೊಂದು ಕಾಲದ್ದು. ಮಯೋಸೀನ್, ಪ್ಲಯೋಸೀನ್ ಅಂತ ಕರೆಯೋ ಯುಗಗಳಲ್ಲಿ, ಅಂದ್ರೆ 2 ಕೋಟಿ 30 ಲಕ್ಷ ವರ್ಷದಿಂದ ಹಿಡಿದು 26 ಲಕ್ಷ ವರ್ಷದ ಹಿಂದಿನವರೆಗಿನ ಅವಧಿಯಲ್ಲಿ, ನದಿಗಳು ಹೊತ್ತು ತಂದ ಮರಳು ಜೇಡಿ ಇಲ್ಲಿ ಒಂದರ ಮೇಲೊಂದು ಕೂತಿದೆ.

ಕಪ್ಪು ಪದರ ಕೊಳೆತ ಗಿಡಮರ ಸೇರಿರೋ ಜೇಡಿ, ಕೆಲವು ಕಡೆ ಲಿಗ್ನೈಟ್ ಕೂಡ ಇದೆ. ಲಿಗ್ನೈಟ್ ಅಂದ್ರೆ ಇನ್ನೂ ಪೂರ್ತಿ ಕಲ್ಲಿದ್ದಲು ಆಗದೇ ಇರೋ ಎಳೆ ಕಲ್ಲಿದ್ದಲು, ನೈವೇಲಿಯಲ್ಲಿ ತೆಗೆದು ಕರೆಂಟ್ ಮಾಡ್ತಾರಲ್ಲ ಅದೇ ಜಾತಿ. ಅಂದ್ರೆ ಒಂದು ಕಾಲದಲ್ಲಿ ಇಲ್ಲಿ ಜೌಗು ಕಾಡು ಇತ್ತು. ಬಿಳಿ ಪದರ ಜೇಡಿಮಣ್ಣು, ಹಳದಿ ಪದರ ಮರಳುಗಲ್ಲು, ಆದ್ರೆ ಬಾದಾಮಿಯ ಮರಳುಗಲ್ಲು ನೆನೆಸ್ಕೋಬೇಡಿ, ಬಾದಾಮಿದು ಕೋಟ್ಯಂತರ ವರ್ಷ ಅದುಮಿಸಿಕೊಂಡು ಗಟ್ಟಿಯಾಗಿ ಗುಹಾಲಯ ಕೊರೆಸಿಕೊಂಡು ನಿಂತಿರೋ ಕಲ್ಲು, ವರ್ಕಲದ್ದು ಅದರ ಮುಂದೆ ನಿನ್ನೆ ಮೊನ್ನೆದು. ಎಷ್ಟೋ ಕಡೆ ಉಗುರಲ್ಲಿ ಕೆರೆದ್ರೆ ಮರಳು ಉದುರುತ್ತೆ.

ಎಲ್ಲಕ್ಕಿಂತ ಮೇಲೆ ಇರೋ ಕೆಂಪು ಟೋಪಿ ಲ್ಯಾಟರೈಟ್. ಹೆಸರು ಕೇಳಿ ಗಾಬರಿ ಆಗೋದು ಬೇಡ, ದಕ್ಷಿಣ ಕನ್ನಡದ ಮುರಕಲ್ಲು, ಉತ್ತರ ಕನ್ನಡದ ಚಿರೇಕಲ್ಲು, ಜಂಬಿಟ್ಟಿಗೆ ಅಂತಾರಲ್ಲ, ಅದೇ. ಕುಂದಾಪುರದಲ್ಲೋ ಕುಮಟೆಯಲ್ಲೋ ಹಳೇ ಮನೆಯ ಕಾಂಪೌಂಡ್ ನೋಡಿದ್ರೆ ನೀವು ವರ್ಕಲದ ಟೋಪಿ ನೋಡಿದಂಗೆ. ಜೋರು ಮಳೆ, ಜೋರು ಬಿಸಿಲು ಎರಡೂ ಇರೋ ಜಾಗದಲ್ಲಿ ಮಳೆನೀರು ಕಲ್ಲಿನ ಒಳಗಿಂದ ಕರಗೋದನ್ನೆಲ್ಲ ತೊಳೆದು ಒಯ್ಯುತ್ತೆ, ಕಬ್ಬಿಣ ಅಲ್ಯೂಮಿನಿಯಂ ಉಳ್ಕೊಳುತ್ತೆ, ಆ ಕಬ್ಬಿಣದ ತುಕ್ಕೇ ಕೆಂಪು. ಈ ಹೆಸರು ಕೊಟ್ಟಿದ್ದು ಫ್ರಾನ್ಸಿಸ್ ಬುಕಾನನ್, ಟಿಪ್ಪು ಸತ್ತ ಮೇಲೆ 1800-01ರಲ್ಲಿ ಮೈಸೂರು, ಕೆನರಾ, ಮಲಬಾರ್ ಸುತ್ತಿದವನು. ಕೇರಳದ ಅಂಗಡಿಪುರಂ ಹತ್ರ ಜನ ಇದನ್ನ ನೆಲದಿಂದ ಮೆತ್ತಗಿದ್ದಾಗಲೇ ಕತ್ತರಿಸಿ ಗಾಳಿಗೆ ಇಟ್ಟು ಗಟ್ಟಿ ಮಾಡಿ ಮನೆ ಕಟ್ಟೋದನ್ನ ನೋಡಿ, ಲ್ಯಾಟಿನ್ನಲ್ಲಿ ಇಟ್ಟಿಗೆ ಅನ್ನೋ ಅರ್ಥದ ಪದದಿಂದ ಲ್ಯಾಟರೈಟ್ ಅಂದ.

ಈ ಮುರಕಲ್ಲಲ್ಲಿ ಒಂದು ಗುಣ ಇದೆ, ಕರಾವಳಿಯೋರಿಗೆ ಹೇಳಿಕೊಡೋದೇ ಬೇಡ. ಅದರ ತುಂಬ ತೂತು. ಸ್ಪಂಜ್ ಥರ ನೀರು ಕುಡಿಯುತ್ತೆ.

ಕುಸಿಯೋದು ಹೇಗೆ

ಅಡುಗೆಮನೆಯಲ್ಲೇ ಮಾಡಿ ನೋಡಬಹುದು. ಒಂದು ಸ್ಟೀಲ್ ತಟ್ಟೆಯನ್ನ ಸ್ವಲ್ಪ ಓರೆ ಮಾಡಿ ಇಡಿ, ಅದರ ಮೇಲೆ ಪಾತ್ರೆ ತೊಳೆಯೋ ದಪ್ಪ ಸ್ಪಂಜ್ ಇಟ್ಟು ಮೇಲಿಂದ ನಿಧಾನಕ್ಕೆ ನೀರು ಹಾಕಿ. ನೀರು ಸ್ಪಂಜಲ್ಲಿ ಇಳಿಯುತ್ತೆ, ತಟ್ಟೆ ಸಿಕ್ಕಿದ ತಕ್ಷಣ ಕೆಳಗೆ ಹೋಗೋಕೆ ದಾರಿ ಇಲ್ಲ, ಪಕ್ಕಕ್ಕೆ ಹರಿದು ಅಂಚಲ್ಲಿ ಸೋರುತ್ತೆ. ಇನ್ನಷ್ಟು ಹಾಕಿದ್ರೆ ಸ್ಪಂಜ್ ಭಾರ ಆಗಿ ತಟ್ಟೆ ಮೇಲೆ ಜಾರುತ್ತೆ.

ಸ್ಪಂಜ್ ಅಂದ್ರೆ ಮುರಕಲ್ಲು ಮತ್ತೆ ಮರಳುಗಲ್ಲು, ತಟ್ಟೆ ಅಂದ್ರೆ ಜೇಡಿ ಪದರ. ಜೇಡಿಮಣ್ಣಲ್ಲಿ ನೀರು ಸುಲಭಕ್ಕೆ ಇಳಿಯಲ್ಲ, ಅದಕ್ಕೇ ತಾನೇ ಅದರಲ್ಲಿ ಮಡಕೆ ಮಾಡೋದು, ಕೆರೆಯ ತಳಕ್ಕೆ ಜೇಡಿ ಮೆತ್ತೋದು. ಹಂಗಾಗಿ ಮೇಲೆ ಬಿದ್ದ ಮಳೆ ಗುಡ್ಡದೊಳಗೆ ಇಳಿದು ಜೇಡಿ ಸಿಕ್ಕಲ್ಲಿ ಅಡ್ಡ ತಿರುಗಿ ಸಮುದ್ರದ ಕಡೆಯ ಗೋಡೆಯಿಂದ ಹೊರಗೆ ಬರುತ್ತೆ. ಪಾಪನಾಶಂ ಕಡೆ ಗೋಡೆಯಿಂದ ಸಿಹಿನೀರಿನ ಒರತೆ ಬರೋದು, ಅದರಲ್ಲಿ ಔಷಧೀಯ ಗುಣ ಇದೆ ಅಂತ ಜನ ಮೀಯೋದು, ಎಲ್ಲಾ ಇದರಿಂದಲೇ. ಸಮುದ್ರದ ಪಕ್ಕದಲ್ಲೇ ಸಿಹಿನೀರು ಹೆಂಗೆ ಅಂತ ಆಶ್ಚರ್ಯ ಪಡೋರು ಮೇಲೆ ನೋಡಿದ್ರೆ ಸಾಕು, ಅದು ಗುಡ್ಡ ಕುಡಿದ ಮಳೆ.

ಬೇಸಿಗೆಯಲ್ಲಿ ಒರತೆ ನೋಡೋಕೆ ಚೆಂದ. ಮಳೆಗಾಲದಲ್ಲಿ ಅದೇ ನೀರು ಮೂರು ಕೆಲಸ ಮಾಡುತ್ತೆ. ಗುಡ್ಡದ ಭಾರ ಜಾಸ್ತಿ ಮಾಡುತ್ತೆ. ಮರಳಿನ ಕಣಗಳ ಮಧ್ಯೆ ತುಂಬ್ಕೊಂಡು ಅವುಗಳನ್ನ ಒಂದರಿಂದೊಂದು ದೂರ ತಳ್ಳೋಕೆ ನೋಡುತ್ತೆ, ಒದ್ದೆ ಮರಳಲ್ಲಿ ಗುಬ್ಬಿಗೂಡು ಕಟ್ಟೋ ಮಕ್ಕಳಿಗೆ ಇದು ಗೊತ್ತು, ಸ್ವಲ್ಪ ನೀರಿದ್ರೆ ಗೂಡು ನಿಲ್ಲುತ್ತೆ, ಒಂದು ಚೊಂಬು ಜಾಸ್ತಿ ಸುರಿದ್ರೆ ಕುಸೀತು. ಮೂರನೇದು ಜೇಡಿಯ ಮೇಲ್ಮೈಯನ್ನ ಒದ್ದೆ ಸೋಪಿನಂಗೆ ಮಾಡುತ್ತೆ. ಮೇಲಿರೋ ಅಷ್ಟೂ ತೂಕ ಆ ಸೋಪಿನ ಮೇಲೆ ಕೂತಿದೆ ಅಂತ ಊಹಿಸ್ಕೊಳ್ಳಿ.

ಇದು ಮೇಲಿಂದ ಆಗೋದು. ಕೆಳಗಿಂದ ಸಮುದ್ರ ತನ್ನ ಪಾಡಿಗೆ ತಾನು ಕೆಲಸ ಮಾಡ್ತಿರುತ್ತೆ. ಬೇಸಿಗೆಯಲ್ಲಿ ಅಲೆಗಳು ಸಣ್ಣವು, ಮರಳನ್ನ ದಡಕ್ಕೆ ತಂದು ಹಾಕ್ತಾವೆ, ಬೀಚ್ ಅಗಲ ಆಗುತ್ತೆ. ಜೂನ್ ಬಂತಂದ್ರೆ ದೊಡ್ಡ ಅಲೆಗಳು ಆ ಮರಳನ್ನೇ ಎಳ್ಕೊಂಡು ಹೋಗ್ತಾವೆ, ಡಿಸೆಂಬರಲ್ಲಿ ಕ್ರಿಕೆಟ್ ಆಡಿದ ಜಾಗದಲ್ಲಿ ಜುಲೈಯಲ್ಲಿ ನೀರು. ಬೀಚ್ ಅನ್ನೋದು ಗುಡ್ಡಕ್ಕೆ ಶಾಕ್ ಅಬ್ಸಾರ್ಬರ್ ಇದ್ದಂಗೆ, ಅದು ತೆಳ್ಳಗಾದ ತಿಂಗಳುಗಳಲ್ಲಿ ಅಲೆ ನೇರ ಗೋಡೆಯ ಬುಡಕ್ಕೆ ಬಡಿಯುತ್ತೆ, ಬುಡದ ಮೆತ್ತನೆ ಮಣ್ಣು ಕೊರೆದು ಮೇಲಿನ ಭಾಗ ಸಜ್ಜಾ ಥರ ಹೊರಗೆ ಚಾಚಿ ನಿಲ್ಲುತ್ತೆ. ಕಂಬ ಇಲ್ಲದ ಸಜ್ಜಾ ಎಷ್ಟು ದಿನ ನಿಂತೀತು? ಮೇಲೆ ಅಂಚಿಗೆ ಸಮಾನಾಂತರವಾಗಿ ಒಂದು ಬಿರುಕು ಬಿಡುತ್ತೆ, ಬಿರುಕಲ್ಲಿ ಮಳೆನೀರು ತುಂಬುತ್ತೆ, ಒಂದಿನ ಆ ಹೋಳು ಪೂರ್ತಿ ಕಳಚಿ ಬೀಳುತ್ತೆ. ಮಳೆ ನಿಂತು ಬಿಸಿಲು ಬಂದ ಮೇಲೂ ಬೀಳಬಹುದು, ಯಾಕಂದ್ರೆ ಮೇಲಿನ ನೀರು ಜೇಡಿ ತನಕ ಇಳಿಯೋಕೆ ಟೈಮ್ ತಗೊಳುತ್ತೆ. ಎಲ್ಲರೂ ಸಮುದ್ರಕ್ಕೇ ಬೈತಾರೆ, ಆದ್ರೆ ಮೇಲಿನ ನೀರಿನ ಪಾಲೂ ಇದರಲ್ಲಿ ಕಮ್ಮಿ ಏನಲ್ಲ.

ಬಿದ್ದ ಮಣ್ಣು ಏನಾಗುತ್ತೆ ಅನ್ನೋದನ್ನ ಜನ ಕೇಳೋದೇ ಇಲ್ಲ. ಅಲೆ ಅದನ್ನ ತೊಳೆದು ಜೇಡಿಯನ್ನ ದೂರ ಒಯ್ಯುತ್ತೆ, ಮರಳನ್ನ ಅಲ್ಲೇ ಆಚೆ ಈಚೆ ಹರಡುತ್ತೆ. ಅಂದ್ರೆ ಗುಡ್ಡ ಕುಸಿದಿದ್ದರಲ್ಲಿ ಒಂದು ಪಾಲು ಬೀಚಾಗುತ್ತೆ, ಆ ಬೀಚೇ ಮುಂದಿನ ಅಲೆಯಿಂದ ಗುಡ್ಡವನ್ನ ಕಾಯುತ್ತೆ. ಇದನ್ನ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಮೇಲೆ ಊರು ಬೆಳೆದಾಗ

ಮನುಷ್ಯರು ಇಲ್ಲದಿದ್ರೂ ಈ ಗುಡ್ಡ ಕುಸೀತಿತ್ತು, ಮೊದಲಿಂದಲೂ ಮಾಡ್ತಾ ಬಂದಿರೋ ಕೆಲಸ ಅದು. ಸ್ಪೀಡ್ ಮಾತ್ರ ಬದಲಾಗಬಹುದು. ಅಂಚಲ್ಲಿ ಕಟ್ಟಡ ಬಂದ್ರೆ ಭಾರ ಬರುತ್ತೆ ಅನ್ನೋದು ಎಲ್ಲರಿಗೂ ಹೊಳೆಯುತ್ತೆ. ಕಮ್ಮಿ ಹೊಳೆಯೋದು ಕೊಳಾಯಿ ನೀರು. ಮಳೆ ವರ್ಷದಲ್ಲಿ ಕೆಲವು ತಿಂಗಳು, ಅದೂ ಬಂದು ಹೋಗುತ್ತೆ. ರೆಸಾರ್ಟಿನ ಬಾತ್‌ರೂಮು, ಕೆಫೆಯ ಸಿಂಕು, ಗಾರ್ಡನ್ನಿಗೆ ಬಿಡೋ ಪೈಪು, ಸೆಪ್ಟಿಕ್ ಗುಂಡಿ ಇವೆಲ್ಲ ವರ್ಷ ಪೂರ್ತಿ, ಸೀಸನ್ನಲ್ಲಿ ಇನ್ನೂ ಜಾಸ್ತಿ. ಸರಿಯಾದ ಡ್ರೈನೇಜ್ ಇಲ್ಲದೆ ಅದನ್ನ ಅಲ್ಲೇ ಇಂಗಿಸಿದ್ರೆ ಸ್ಪಂಜಿಗೆ ಬೇಸಿಗೆಯಲ್ಲೂ ನೀರು ಹಾಕ್ತಾ ಇದ್ದಂಗೆ, ಒಣಗೋಕೆ ಅವಕಾಶನೇ ಇಲ್ಲ. ಬೆಂಗಳೂರಲ್ಲಿ ನೀರು ಇಂಗಿಸೋದು ಪುಣ್ಯದ ಕೆಲಸ, ಕ್ಲಿಫ್ ಅಂಚಲ್ಲಿ ಅದೇ ಉಲ್ಟಾ.

ಸಮುದ್ರದ ಹೈ ಟೈಡ್ ಲೈನಿಂದ 500 ಮೀಟರ್ ಒಳಗಿನ ಜಾಗಕ್ಕೆ ದೇಶದಲ್ಲಿ ಕರಾವಳಿ ನಿಯಂತ್ರಣ ವಲಯದ ನಿಯಮ ಇದೆ, ಪೇಪರಲ್ಲಿ ಸಿಆರ್‌ಝಡ್ ಅಂತ ಬರುತ್ತಲ್ಲ ಅದು. ನಾರ್ತ್ ಕ್ಲಿಫಿನ ಕಾಲುದಾರಿಯಲ್ಲಿ ಒಂದು ಸಲ ನಡೆದು ಬಂದೋರಿಗೆ ಆ ನಿಯಮಕ್ಕೂ ಕಣ್ಣೆದುರಿನ ಸಾಲಿಗೂ ಎಷ್ಟು ಸಂಬಂಧ ಅಂತ ಅವರಿಗೇ ಗೊತ್ತಾಗುತ್ತೆ.

ಹಾಗಿದ್ರೆ ಒಂದು ಗೋಡೆ ಕಟ್ಟಿಬಿಡಬಹುದಲ್ಲ?

ಎಲ್ಲರಿಗೂ ಮೊದಲು ಬರೋ ಪ್ರಶ್ನೆ. ಬುಡಕ್ಕೆ ದೊಡ್ಡ ಕಲ್ಲು ಸುರಿದು ತಡೆಗೋಡೆ ಮಾಡಿದ್ರೆ ಅಲೆಯ ಕೊರೆತ ಅಲ್ಲಿಗೆ ಕಮ್ಮಿ ಆಗುತ್ತೆ, ನಿಜ. ಆದ್ರೆ ಆಗ್ಲೇ ಹೇಳಿದ್ನಲ್ಲ, ಗುಡ್ಡದ ಮಣ್ಣು ಬೀಚಿಗೆ ಊಟ. ಊಟ ನಿಲ್ಲಿಸಿದ್ರೆ ಬೀಚ್ ಸೊರಗುತ್ತೆ, ಕಲ್ಲಿಗೆ ಬಡಿದ ಅಲೆ ವಾಪಸ್ ಹೋಗುವಾಗ ಮುಂದಿನ ಮರಳನ್ನೂ ಎಳ್ಕೊಂಡು ಹೋಗುತ್ತೆ, ಗೋಡೆ ಮುಗಿಯೋ ತುದಿಯಲ್ಲಿ ಕೊರೆತ ಜಾಸ್ತಿ ಆಗುತ್ತೆ. ಉಳ್ಳಾಲದ ಕಡೆಯೋರು ಇದನ್ನ ಓದಿ ತಿಳ್ಕೋಬೇಕಾಗಿಲ್ಲ, ಕಲ್ಲು ಹಾಕೋದು ಸಮುದ್ರ ತಿನ್ನೋದು ಎಷ್ಟೋ ವರ್ಷದಿಂದ ನೋಡ್ತಾನೇ ಇದ್ದಾರೆ. ಇನ್ನು ಗುಡ್ಡಕ್ಕೇ ಕಾಂಕ್ರೀಟ್ ಬಳಿದ್ರೆ ಒಳಗಿನ ನೀರಿಗೆ ಹೊರಬರೋ ದಾರಿ ಮುಚ್ಚಿ ಒತ್ತಡ ಹೆಚ್ಚುತ್ತೆ, ಜೊತೆಗೆ ಜನ ನೋಡೋಕೆ ಬಂದ ಆ ಪದರಗಳೇ ಕಾಣಲ್ಲ.

2024ರ ಜೂನಲ್ಲಿ ಇನ್ನೊಂದು ದಾರಿ ಹಿಡಿದ್ರು. ಪಾಪನಾಶಂನಲ್ಲಿ ಬಲಿ ಹಾಕೋ ಮಂಟಪದ ಪಕ್ಕದ ಗುಡ್ಡ ಬೀಳೋ ಥರ ಇದೆ, ಜನರ ಮೇಲೆ ಬಿದ್ರೆ ಏನು ಗತಿ ಅಂತ ಜಿಲ್ಲಾಡಳಿತ ಜೆಸಿಬಿ ತರಿಸಿ ಗುಡ್ಡದ ಒಂದು ಭಾಗ ಇಳಿಸೋಕೆ ಹೊರಟಿತು. ಸಂರಕ್ಷಿತ ಭೂಪರಂಪರೆ ತಾಣವನ್ನ ಹಿಂಗೆ ಅಗೆಯೋದಾ ಅಂತ ದೊಡ್ಡ ಗಲಾಟೆ ಆಯ್ತು, ಜಿಯಾಲಾಜಿಕಲ್ ಸರ್ವೆ ಆಕ್ಷೇಪ ಎತ್ತಿತು, ಕೆಲಸ ನಿಲ್ತು. ಎರಡೂ ಕಡೆಯೋರ ಮಾತು ಅರ್ಥ ಆಗೋ ಅಂಥದ್ದೇ. ಕೆಳಗೆ ಸಾವಿರಾರು ಜನ ಸೇರೋ ಜಾಗ, ಮೇಲೆ ಮತ್ತೆ ಮಾಡೋಕಾಗದ ಪದರ.

ಹಾಳು ಕಮ್ಮಿ ಮಾಡೋ ದಾರಿಗಳು ಅಷ್ಟೇನೂ ಕಷ್ಟದ್ದಲ್ಲ, ಫೋಟೋಗೆ ಚೆನ್ನಾಗಿ ಕಾಣಲ್ಲ ಅಷ್ಟೇ. ಮೇಲಿನ ಮಳೆನೀರು ಮತ್ತು ಕೊಳಚೆಯನ್ನ ಚರಂಡಿಯಲ್ಲಿ ಅಂಚಿಂದ ಹಿಂದಕ್ಕೆ ತಿರುಗಿಸೋದು, ಅಂಚಲ್ಲಿ ಹೊಸ ಭಾರ ಹಾಕದೇ ಇರೋದು, ಒಳಗೆ ಸೇರಿದ ನೀರು ಹೊರಗೆ ಬರೋಕೆ ಪೈಪ್ ಇಡೋದು, ತೆಂಗಿನ ನಾರಿನ ಬಲೆ ಹಾಸಿ ಲಾವಂಚದಂಥ ಆಳಕ್ಕೆ ಬೇರು ಬಿಡೋ ಹುಲ್ಲು ಬೆಳೆಸೋದು. ಇದರಿಂದ ಕುಸಿತ ನಿಲ್ಲಲ್ಲ, ನಿಧಾನ ಆಗುತ್ತೆ.

ಯುನೆಸ್ಕೋ ಪಟ್ಟಿ ಅಂದ್ರೆ ಏನಾಯ್ತು?

"ವರ್ಕಲ ವಿಶ್ವ ಪರಂಪರೆ ತಾಣ ಆಯ್ತು" ಅಂತ ಫಾರ್ವರ್ಡ್ ಬಂದಿದ್ರೆ ಅದು ತಪ್ಪು. ತಾತ್ಕಾಲಿಕ ಪಟ್ಟಿ ಅಂದ್ರೆ ನಮ್ಮ ದೇಶ "ಮುಂದೆ ಇವನ್ನ ಪರಂಪರೆ ತಾಣ ಮಾಡಿ ಅಂತ ಕೇಳ್ತೀವಿ" ಅಂತ ಕೊಟ್ಟಿರೋ ಪಟ್ಟಿ, ಮದುವೆ ಹಾಲ್‌ಗೆ ಎನ್‌ಕ್ವೈರಿ ಮಾಡಿದಷ್ಟೇ, ಬುಕಿಂಗ್ ಅಲ್ಲ. ಇದರಲ್ಲಿ ಕನಿಷ್ಠ ಒಂದು ವರ್ಷ ಇದ್ದ ಮೇಲೆ ಪೂರ್ತಿ ದಾಖಲೆ ಸಮೇತ ಅರ್ಜಿ ಹಾಕಬಹುದು, ಆಮೇಲೆ ತಜ್ಞರು ಪರಿಶೀಲಿಸ್ತಾರೆ, ಆಮೇಲೆ ಕಮಿಟಿ ತೀರ್ಮಾನ. ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇವಸ್ಥಾನಗಳು 2014ರಲ್ಲಿ ಈ ಪಟ್ಟಿಗೆ ಬಂದು ಪಾಸಾಗಿದ್ದು 2023ರಲ್ಲಿ. 2025ರ ಸೆಪ್ಟೆಂಬರಲ್ಲಿ ಏಳು ಜಾಗ ಸೇರಿದ ಮೇಲೆ ಭಾರತದ ಪಟ್ಟಿಯಲ್ಲಿ ಒಟ್ಟು 69 ಇದ್ವು.

ಸೇಂಟ್ ಮೇರೀಸ್ ಮತ್ತು ವರ್ಕಲ ಒಟ್ಟಿಗೆ ಬಂದಿರೋದು ಒಂಥರ ಚೆನ್ನಾಗಿದೆ. ಮಲ್ಪೆ ಎದುರಿನ ಆ ದ್ವೀಪಗಳ ಕಲ್ಲಿನ ಕಂಬಗಳು ಸುಮಾರು 8.8 ಕೋಟಿ ವರ್ಷದ ಹಿಂದೆ ಮಡಗಾಸ್ಕರ್ ನಮ್ಮಿಂದ ಬೇರೆ ಆಗ್ತಿದ್ದ ಕಾಲದ ಲಾವಾ ತಣ್ಣಗಾಗಿ ಆಗಿದ್ದು, ಅಲೆ ಹೊಡೆದ್ರೂ ಜಗ್ಗಲ್ಲ. ವರ್ಕಲದ್ದು ಅದರ ಮುಂದೆ ಒದ್ದೆ ಮಣ್ಣಿನ ಗೋಡೆ. ಅದಕ್ಕೇ ಕಸಿನ್ನಿನ ಎರಡನೇ ಪ್ರಶ್ನೆಗೆ ಉತ್ತರ ಸ್ವಲ್ಪ ವಿಚಿತ್ರವಾಗಿದೆ, ಸಮುದ್ರ ಕೊರೆಯದೇ ಇದ್ದಿದ್ರೆ ಗಿಡಗಂಟಿ ಬೆಳೆದು ಮಾಮೂಲಿ ಇಳಿಜಾರು ಗುಡ್ಡ ಆಗಿರ್ತಿತ್ತು, ಪದರ ಕಾಣ್ತಾನೂ ಇರ್ಲಿಲ್ಲ, ಯಾರೂ ಪಟ್ಟಿಗೆ ಸೇರಿಸ್ತಾನೂ ಇರ್ಲಿಲ್ಲ.

ಹೋಗೋರಿಗೆ

ಟಿಕೆಟ್ ಕ್ಯಾನ್ಸಲ್ ಮಾಡೋ ಅಂಥದ್ದೇನಿಲ್ಲ. ಡಿಸೆಂಬರಿಂದ ಮಾರ್ಚ್ ತನಕ ಮಳೆ ಕಮ್ಮಿ, ಬೀಚ್ ಅಗಲ. ಜೂನಿಂದ ಸೆಪ್ಟೆಂಬರ್ ಬಿಟ್ರೆ ಅಕ್ಟೋಬರ್ ನವೆಂಬರಲ್ಲೂ ಅಲ್ಲಿ ಹಿಂಗಾರು ಜೋರಾಗಿ ಬರುತ್ತೆ, ನಮ್ಮ ಲೆಕ್ಕದಲ್ಲಿ ದಸರಾ ರಜೆಗೆ ಮಳೆ ಮುಗೀತು ಅಂತ ಹೊರಡೋರು ಇದನ್ನ ಮರೀತಾರೆ. ಕೆಳಗೆ ಕೂರುವಾಗ ನೆರಳು ಸಿಗುತ್ತೆ ಅಂತ ಗೋಡೆಗೆ ಒರಗಬೇಡಿ, ನೆರಳು ಕೊಡೋ ಭಾಗ ಅಂದ್ರೆ ಮುಂದಕ್ಕೆ ಚಾಚಿರೋ ಭಾಗ. ಮೇಲೆ ಬೇಲಿ ಹಾಕಿರೋ ಕಡೆ ಬೇಲಿಯ ಈಚೆಗೇ ಇರಿ, ಅಂಚಿಗೆ ಸಮಾನಾಂತರ ಬಿರುಕು ಕಂಡ್ರೆ ಅದರ ಆಚೆ ಸೆಲ್ಫಿಗೆ ಹೋಗಬೇಡಿ.

ಬೆಳಿಗ್ಗೆ ಜನ ಕಮ್ಮಿ ಇರುವಾಗ ಕೆಳಗೆ ಸ್ವಲ್ಪ ದೂರದಲ್ಲೇ ನಿಂತು ಗೋಡೆ ನೋಡಿ. ಒಂದು ಎತ್ತರದಲ್ಲಿ ಅಡ್ಡಕ್ಕೆ ಗೆರೆ ಎಳೆದಂಗೆ ಒದ್ದೆ ಕಾಣುತ್ತೆ, ಅಲ್ಲಲ್ಲಿ ಪಾಚಿ, ಜರೀಗಿಡ. ಆ ಗೆರೆಗಿಂತ ಮೇಲೆ ಸ್ಪಂಜು, ಕೆಳಗೆ ತಟ್ಟೆ.